ಮಳೆಯಲ್ಲಿ ಹಿಡಿತ ಕೊಡುವ ಟಯರ್ ಬೇಕಿತ್ತು, ಕೈಯಲ್ಲಿ ಇದ್ದದ್ದು ನಾಲ್ಕು ಸಾವಿರ

ನನ್ನ ಮನೆ ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಕೆಲಸ ಮಂಗಳೂರಿನ ಕೂಳೂರಿನ ಹತ್ತಿರ. ವಾರಕ್ಕೆ ಐದು ದಿನ ಹೈವೇ 66ರಲ್ಲಿ ಹಳೆಯ ಹೋಂಡಾ ಯೂನಿಕಾರ್ನ್ ಬೈಕ್ ಮೇಲೆ ಹೋಗಿ ಬರುತ್ತೇನೆ. ದಿನಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಗುತ್ತದೆ. ಇಷ್ಟು ಓಡಿಸುವವನಿಗೆ ಟಯರ್ ಎಂದರೆ ವರ್ಷಕ್ಕೊಮ್ಮೆ ಬರುವ ಖರ್ಚು, ಹಾಗಾಗಿ ಎಲ್ಲಿ ಕಡಿಮೆಗೆ ಸಿಗುತ್ತದೋ ಅಲ್ಲಿ ಹಾಕಿಸುವುದೇ ಮೊದಲು ನನ್ನ ಅಭ್ಯಾಸವಾಗಿತ್ತು.

2022ರ ಜೂನ್ ಮೊದಲ ವಾರ. ಜೋರು ಮಳೆ ಏನಲ್ಲ, ರಸ್ತೆ ಒದ್ದೆಯಾಗುವಷ್ಟು ಬಂದಿತ್ತು ಅಷ್ಟೇ. ಪಡುಬಿದ್ರಿ ಪೇಟೆಯಲ್ಲಿ ನನ್ನ ಮುಂದೆ ಒಂದು ಮೀನಿನ ಲಾರಿ ಹಿಂದಿನಿಂದ ನೀರು ಸುರಿಸಿಕೊಂಡು ಹೋಗುತ್ತಿತ್ತು. ನಮ್ಮ ಕಡೆ ಓಡಿಸುವವರಿಗೆಲ್ಲ ಆ ನೀರು ಗೊತ್ತು, ಬರೀ ನೀರಲ್ಲ ಅದು, ಮೀನಿನ ಎಣ್ಣೆ, ಲೋಳೆ ಎಲ್ಲ ಸೇರಿರುತ್ತದೆ. ಲಾರಿ ಬ್ರೇಕ್ ಹಾಕಿತು, ನಾನೂ ಹಾಕಿದೆ. ಹಿಂದಿನ ಚಕ್ರ ಜಾರಿ ಬೈಕ್ ಅಡ್ಡ ಬಿತ್ತು. ಸ್ಪೀಡ್ ಮೂವತ್ತು ಸಹ ಇರಲಿಲ್ಲ. ಮೊಣಕೈ ಸುಲಿಯಿತು, ರೈನ್‌ಕೋಟ್ ಹರಿಯಿತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಸರಿಯಾದ ಹೊತ್ತಿಗೆ ನಿಲ್ಲಿಸಿದರು, ಅವರ ಮುಖ ಈಗಲೂ ನೆನಪಿದೆ.

ಹತ್ತಿರದ ಪಂಕ್ಚರ್ ಅಂಗಡಿಯವರು ಬೈಕ್ ಎತ್ತಲು ಬಂದವರು ಹಿಂದಿನ ಟಯರ್ ನೋಡಿ, "ಬಟನ್ ಎಲ್ಲ ಉಂಟಲ್ಲ ಮಾರಾಯ್ರೆ, ಮತ್ತೆ ಹೇಗೆ ಜಾರಿತು?" ಎಂದರು. ನನಗೂ ಅದೇ ಪ್ರಶ್ನೆ. ಟಯರ್ ಹಾಕಿಸಿ ಒಂಬತ್ತು ತಿಂಗಳಷ್ಟೇ ಆಗಿತ್ತು, ಬಟನ್, ಅಂದರೆ ಟಯರ್ ಮೈಮೇಲಿನ ಉಬ್ಬು, ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅವರು ಕುಕ್ಕರಗಾಲಲ್ಲಿ ಕೂತು ರಬ್ಬರ್ ಮೇಲೆ ಹೆಬ್ಬೆರಳಿನ ಉಗುರು ಒತ್ತಿದರು. ಒಳಗೇ ಹೋಗಲಿಲ್ಲ. ಆಮೇಲೆ ಬಟ್ಟೆಯಿಂದ ಟಯರ್ ಪಕ್ಕ ಒರೆಸಿ ಒಂದು ಸಣ್ಣ ಮೊಟ್ಟೆಯಾಕಾರದ ಗುರುತು ತೋರಿಸಿದರು. ಅದರೊಳಗೆ 1417 ಎಂದಿತ್ತು. 2017ನೇ ಇಸವಿಯ 14ನೇ ವಾರ. ಅಂದರೆ ನನಗೆ "ಹೊಸತು" ಎಂದು ಮಾರಿದಾಗಲೇ ಅದಕ್ಕೆ ನಾಲ್ಕು ವರ್ಷ ದಾಟಿತ್ತು. ಎಷ್ಟು ಬಿಸಿಲು ತಿಂದಿತ್ತೋ. ಇನ್ನೂರು ರೂಪಾಯಿ ಕಡಿಮೆ ಮಾಡಿ ಕೊಟ್ಟಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಬಟನ್ ಇತ್ತು, ರಬ್ಬರ್ ಗಟ್ಟಿಯಾಗಿ ಸತ್ತಿತ್ತು.

ಅವತ್ತಿನಿಂದ ಟಯರ್ ಅಂಗಡಿಯಲ್ಲಿ ನಾನು ರೇಟ್ ಕೇಳುವ ಮೊದಲು ಟಯರ್ ಕೈಗೆ ತೆಗೆದುಕೊಂಡು ಆ ನಾಲ್ಕು ಅಂಕೆ ಓದುತ್ತೇನೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಆರು ತಿಂಗಳೊಳಗಿನದು ಸಿಕ್ಕಿದರೆ ಖುಷಿ, ಒಂದು ವರ್ಷದ ತನಕ ಒಪ್ಪುತ್ತೇನೆ, ಅದಕ್ಕಿಂತ ಹಳತಾದರೆ ಯಾವ ಕಂಪನಿಯದಾದರೂ ಬೇಡ. ಎರಡೂ ಟಯರ್ ಬದಲಾಯಿಸಲು ಆ ವಾರವೇ ಮಂಗಳೂರಿನಲ್ಲಿ ಮೂರು ಅಂಗಡಿ ಸುತ್ತಿದೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದ ಕಂಪನಿಯದು ಇತ್ತು, ಆದರೆ ಒಂದೂವರೆ ವರ್ಷ ಹಳೆಯ ಸ್ಟಾಕ್. ಮೂರನೇ ಅಂಗಡಿಯಲ್ಲಿ ಸಿಯೆಟ್‌ನದು 1522 ಸಿಕ್ಕಿತು, ಅಂದರೆ ಎರಡೇ ತಿಂಗಳು ಹಳತು. ಅದನ್ನೇ ಹಾಕಿಸಿದೆ. ಮುಂದಿನದು, ಹಿಂದಿನದು, ಎರಡು ಹೊಸ ವಾಲ್ವ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ನಮ್ಮ ಊರಿನ ಅಂಗಡಿಗಳಲ್ಲಿ ಎಂಆರ್‌ಎಫ್, ಸಿಯೆಟ್, ಟಿವಿಎಸ್, ಅಪೊಲೊ ಸಾಮಾನ್ಯವಾಗಿ ಸಿಗುತ್ತವೆ. ನನ್ನಂಥ ದಿನಾ ಓಡಾಡುವ ಬೈಕಿಗೆ ಇವುಗಳಲ್ಲಿ ಯಾವುದಾದರೂ ಸಾಕು. ಮಿಷೆಲಿನ್, ಪಿರೆಲ್ಲಿ ಒಳ್ಳೆಯವೇ, ಆದರೆ 150 ಸಿಸಿ ಬೈಕಿಗೆ ಅಷ್ಟು ದುಡ್ಡು ಹಾಕುವ ಬದಲು ತಾಜಾ ಟಯರ್ ಹಾಕಿ ಬೇಗ ಬದಲಾಯಿಸುವುದು ಮೇಲು ಎಂದು ನನಗೆ ಅನಿಸುತ್ತದೆ.

ಸೈಜ್ ವಿಷಯದಲ್ಲಿ ನಾನು ಕಂಪನಿ ಕೊಟ್ಟದ್ದನ್ನು ಬಿಟ್ಟು ಆಚೀಚೆ ಹೋಗಿಲ್ಲ. ಯೂನಿಕಾರ್ನ್‌ಗೆ ಮುಂದೆ 80/100-18, ಹಿಂದೆ 100/90-18. ಹಿಂದಿನದರ ಸೈಜ್ ಪಕ್ಕ 56P ಎಂದಿರುತ್ತದೆ ನೋಡಿ, 56 ಎಂದರೆ 224 ಕೆಜಿ ಭಾರ ತಡೆಯುತ್ತದೆ, P ಎಂದರೆ 150ರ ಸ್ಪೀಡ್ ತನಕ ಪರವಾಗಿಲ್ಲ. ಸಹೋದ್ಯೋಗಿಯೊಬ್ಬ ಚೆಂದ ಕಾಣುತ್ತದೆ ಎಂದು ಹಿಂದೆ 100ರ ಬದಲು 120 ಮಿಲಿಮೀಟರ್ ಅಗಲದ್ದು ಹಾಕಿಸಿದ. ಸಣ್ಣ ರಿಮ್ಮಿಗೆ ಅಗಲದ ಟಯರ್ ಕೂರಿಸಿದರೆ ಎರಡೂ ಪಕ್ಕದಿಂದ ಹಿಂಡಿದಂತಾಗಿ ನಡು ಉಬ್ಬುತ್ತದೆ, ನೆಲಕ್ಕೆ ತಾಗುವುದು ಜಾಸ್ತಿ ಆಗುವುದಿಲ್ಲ. ಮೈಲೇಜ್ ಕಡಿಮೆಯಾಯಿತು, ತಿರುವಿನಲ್ಲಿ ಬೈಕ್ ಮೊದಲಿನ ಹಾಗೆ ವಾಲುವುದಿಲ್ಲ ಎಂದು ಅವನೇ ಹೇಳಿದ. ದಪ್ಪ ಬಟನ್ ಇರುವ ಮಣ್ಣಿನ ರಸ್ತೆಯ ಟಯರ್ ಕೂಡ ನಮಗೆ ಬೇಡ. ಮಂಗಳೂರಿನ ಕಾಂಕ್ರೀಟ್ ರಸ್ತೆ ಒದ್ದೆಯಾದಾಗ ನೆಲಕ್ಕೆ ಎಷ್ಟು ರಬ್ಬರ್ ತಾಗುತ್ತದೆ ಎನ್ನುವುದೇ ಮುಖ್ಯ, ಬಟನ್ ನಡುವೆ ಖಾಲಿ ಜಾಗ ಜಾಸ್ತಿ ಇದ್ದಷ್ಟು ಹಿಡಿತ ಕಡಿಮೆ.

ಮೆತ್ತಗಿನ ರಬ್ಬರ್ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ, ಗಟ್ಟಿಯದು ಜಾಸ್ತಿ ದಿನ ಬರುತ್ತದೆ. ಅಂಗಡಿಯವರು "ಇದು ನಲವತ್ತು ಸಾವಿರ ಓಡ್ತದೆ" ಎಂದು ಒಂದು ಟಯರ್ ತೋರಿಸಿದರು, ಇನ್ನೊಂದು ಇಪ್ಪತ್ತು ಸಾವಿರ ಕಿಲೋಮೀಟರಿಗೆ ಸವೆದು ಹೋಗುತ್ತದೆ ಎಂದರು. ನಾನು ಇಪ್ಪತ್ತು ಸಾವಿರದ್ದೇ ತೆಗೆದುಕೊಂಡೆ. ಬಯಲುಸೀಮೆಯಲ್ಲಿ ಇದ್ದಿದ್ದರೆ ಬಹುಶಃ ಇನ್ನೊಂದನ್ನು ಆರಿಸುತ್ತಿದ್ದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಒಣಗುವುದೇ ಅಪರೂಪ ಅಲ್ವಾ.

ಇನ್ನು ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಿ, ಇದನ್ನು ದಯವಿಟ್ಟು ಮಾಡಿ. ಟಯರ್ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತದೆ. ಗಡಿಬಿಡಿಯಲ್ಲಿ ಹುಡುಗರು ಉಲ್ಟಾ ಕೂರಿಸುವುದುಂಟು, ನನ್ನ ಮುಂದಿನ ಟಯರನ್ನು ಹಾಗೆಯೇ ಕೂರಿಸಿ ಗಾಳಿಯನ್ನೂ ತುಂಬಿಸಿದ್ದರು, ನಾನು ತೋರಿಸಿದ ಮೇಲೆ ಬಿಚ್ಚಿ ಸರಿ ಮಾಡಿದರು. ಉಲ್ಟಾ ಆದರೆ ನೀರನ್ನು ಹೊರಗೆ ತಳ್ಳಬೇಕಾದ ಗೆರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಳದಿ ಚುಕ್ಕೆ ಇದ್ದರೆ ಅದು ಟಯರಿನ ಹಗುರವಾದ ಜಾಗ, ವಾಲ್ವ್ ನೇರಕ್ಕೆ ಬರಬೇಕು. ಟ್ಯೂಬ್‌ಲೆಸ್ ಆದರೆ ವಾಲ್ವ್ ಹೊಸತೇ ಹಾಕಿಸಿ, ಟಯರಿನ ಬೆಲೆ ಮುಂದೆ ಅದು ಏನೂ ಅಲ್ಲ. ನಮ್ಮ ಉಪ್ಪು ಗಾಳಿಗೆ ಸ್ಟೀಲ್ ರಿಮ್ಮಿನ ಅಂಚು ತುಕ್ಕು ಹಿಡಿದಿದ್ದರೆ ಅದನ್ನು ಉಜ್ಜಿಸಿಯೇ ಟಯರ್ ಕೂರಿಸಿ, ಇಲ್ಲದಿದ್ದರೆ ಗಾಳಿ ಸಣ್ಣಗೆ ಇಳಿಯುತ್ತಲೇ ಇರುತ್ತದೆ.

ಹೊಸ ಟಯರಿನ ಮೈ ನಯವಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ನಾನು ಯಾವ ತಿರುವಿನಲ್ಲೂ ವಾಲಿಸದೆ, ಗಟ್ಟಿ ಬ್ರೇಕ್ ಹಾಕದೆ ಓಡಿಸಿದೆ. ಹಾಗಾಗಿಯೇ ಈಗ ಮಳೆ ಬರುವ ಮೊದಲೇ, ಮೇ ತಿಂಗಳಲ್ಲಿ ಬದಲಾಯಿಸುತ್ತೇನೆ, ಒಣ ರಸ್ತೆಯಲ್ಲಿ ಪಳಗಲಿ ಎಂದು.

ಮಳೆಗಾಲದಲ್ಲಿ ಗಾಳಿ ಕಡಿಮೆ ಇಟ್ಟರೆ ಹಿಡಿತ ಜಾಸ್ತಿ ಎಂದು ತುಂಬ ಜನ ಹೇಳುತ್ತಾರೆ. ನಾನೂ ನಂಬಿದ್ದೆ, ಅದು ತಪ್ಪು. ಗಾಳಿ ಕಡಿಮೆಯಾದರೆ ಟಯರ್ ಚಪ್ಪಟೆಯಾಗಿ ಗೆರೆಗಳು ಮುಚ್ಚಿಕೊಳ್ಳುತ್ತವೆ, ನೀರು ಹೋಗಲು ದಾರಿಯೇ ಇರುವುದಿಲ್ಲ. ಬೈಕಿನ ಮೇಲಿನ ಸ್ಟಿಕ್ಕರಿನಲ್ಲಿ ಬರೆದಿರುವಷ್ಟೇ, ಸೋಮವಾರ ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹಾಕಿಸುತ್ತೇನೆ.

ರೇಟ್ ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟಯರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಹಳೆಯ ಎಂಆರ್‌ಪಿ ಇರುವ ಸ್ಟಾಕ್ ತೋರಿಸಿದರೆ ಸುಮ್ನೆ ಒಪ್ಪಬೇಡಿ, ಬಿಲ್ ಹಾಕಿಸಿ, ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ.

ಈಗ ಇರುವ ಹಿಂದಿನ ಟಯರ್ ಹದಿನಾರು ಸಾವಿರ ಓಡಿದೆ. ಸವೆತದ ಮಿತಿ ತೋರಿಸಲು ಗೆರೆಯ ಒಳಗೆ ಇರುವ ಸಣ್ಣ ದಿಬ್ಬ, ಪಕ್ಕದಲ್ಲಿ ಟಿಡಬ್ಲ್ಯುಐ ಎಂದು ಇಂಗ್ಲಿಷಿನಲ್ಲಿ ಗುರುತು ಹಾಕಿರುತ್ತಾರಲ್ಲ, ಅಲ್ಲಿಗೆ ಮುಟ್ಟಲು ಇನ್ನೂ ಸ್ವಲ್ಪ ಬಾಕಿ ಇದೆ. ಲೆಕ್ಕ ಹಾಕಿದರೆ ಇನ್ನು ಮೂರು ಸಾವಿರ ಸಿಗಬಹುದು. ಆ ಮೂರು ಸಾವಿರವನ್ನು ಮೀನಿನ ಲಾರಿಗಳ ಹಿಂದೆ, ಜೂನ್ ತಿಂಗಳಲ್ಲಿ ಓಡಿಸುವ ಆಸೆ ನನಗಿಲ್ಲ. ಮೇ ಕೊನೆಯ ವಾರ ಬಿಚ್ಚಿಸುತ್ತೇನೆ.