ಉದ್ರಿ ಪುಸ್ತಕ ಮುಚ್ಚಿ ಗೆದ್ದ ಚುನಾವಣೆ: ನನ್ನ ಅನುಭವ

"ಉದ್ರಿ ನಿಲ್ಲಿಸಿದರೆ ವೋಟೂ ನಿಲ್ಲುತ್ತೆ ಕಣಪ್ಪಾ" ಎಂದು ನಮ್ಮ ಪೇಟೆಯ ಹಿರಿಯ ವರ್ತಕರೊಬ್ಬರು 2016ರಲ್ಲಿ ಹತ್ತು ಜನರೆದುರು ಹೇಳಿದ್ದರು. 2023ರ ಮೇ 13ರಂದು ವಿಧಾನಸಭೆ ಚುನಾವಣೆಯ ಎಣಿಕೆ ಕೇಂದ್ರದಿಂದ ಗೆದ್ದ ಪ್ರಮಾಣಪತ್ರ ಹಿಡಿದು ಹೊರಗೆ ಬಂದಾಗ ಮನೆಯವರ ನಂತರ ಫೋನ್ ಮಾಡಿದ್ದು ಅವರಿಗೇ. ಅಂಗಡಿ ಇಟ್ಟುಕೊಂಡು ಚುನಾವಣೆಗೆ ನಿಲ್ಲಬೇಕು ಅಂತಿರುವವರು ಹೇಗೆ ಮಾಡಿದಿರಿ ಅಂತ ಕೇಳ್ತಾನೇ ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಾಮಪತ್ರ, ಬೂತ್ ಕಮಿಟಿ, ಟಿಕೆಟ್ಟಿನ ಓಡಾಟ ನಿಮಗೆಲ್ಲ ಗೊತ್ತಿರುವುದೇ.

ನನ್ನದು ತಾಲ್ಲೂಕು ಕೇಂದ್ರದಲ್ಲಿ ಪಂಪ್‌ಸೆಟ್, ಪೈಪು, ಕೇಬಲ್ ಅಂಗಡಿ. ಹಿಂದುಗಡೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವ ರೀವೈಂಡಿಂಗ್ ಶೆಡ್. 2013ರಲ್ಲಿ ಪಕ್ಷೇತರನಾಗಿ ನಿಂತಾಗ ಹೊರಗಡೆ 22 ಲಕ್ಷದಷ್ಟು ಉದ್ರಿ ಇತ್ತು, ಸುಮಾರು 1,100 ಮನೆಗಳಲ್ಲಿ. ಮನೆಗೆ ನಾಲ್ಕು ವೋಟು, ಅವರ ನೆಂಟರಿಷ್ಟರದ್ದು ಇನ್ನೊಂದಿಷ್ಟು ಅಂತ ಗುಣಿಸಿಕೊಂಡೇ ಧೈರ್ಯ ಮಾಡಿದ್ದೆ. ಬಂದದ್ದು 9 ಸಾವಿರ ಚಿಲ್ಲರೆ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗ ದಾಟಬೇಕು, ಅಂದರೆ 23 ಸಾವಿರದ ಮೇಲೆ. 10 ಸಾವಿರ ಠೇವಣಿ ಹೋಯಿತು. ಅದು ದೊಡ್ಡದಲ್ಲ. ಆಗ ವೆಚ್ಚದ ಮಿತಿ 16 ಲಕ್ಷ, ನಾನು ಖರ್ಚು ಮಾಡಿದ್ದು 11 ಲಕ್ಷದ ಹತ್ತಿರ. ಎಲ್ಲ ಅಂಗಡಿಯ ಬಂಡವಾಳವೇ. ಆ ವರ್ಷ ಮೋಟಾರು ಕಂಪನಿಗೆ ಮುಂಗಡ ಕಟ್ಟಲು ಹೆಂಡತಿಯ ಬಳೆ ಅಡವಿಟ್ಟೆ.

ಬೂತ್‌ವಾರು ಮತಗಳ ಫಾರಂ 20 ಕೈಗೆ ಸಿಕ್ಕ ಮೇಲೆ ಒಂದು ರಾತ್ರಿ ಅದನ್ನೂ ಉದ್ರಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದು ಊರಲ್ಲಿ 1.8 ಲಕ್ಷ ಉದ್ರಿ, 11 ವೋಟು. ಇನ್ನೊಂದು ಊರಲ್ಲಿ ಬರೀ 6 ಸಾವಿರ ಉದ್ರಿ, 212 ವೋಟು. ಮೊದಲು ತಪ್ಪು ಓದಿದೆ ಅಂದುಕೊಂಡೆ. ಬೆಳಗಿನ ಜಾವದವರೆಗೂ ಬೂತ್ ಬೂತ್ ನೋಡಿದೆ, ಹೆಚ್ಚುಕಡಿಮೆ ಎಲ್ಲ ಕಡೆ ಹಾಗೇ. ಆಮೇಲೆ ನೆನಪಾಯಿತು. ಆ 11 ವೋಟಿನ ಊರಲ್ಲಿ ನನ್ನ ಬೈಕ್ ಕಂಡರೆ ಓಣಿಗೆ ತಿರುಗಿಬಿಡುವವರು ಎಷ್ಟೋ ಜನ. ಸಾಲ ಉಳಿಸಿಕೊಂಡವನಿಗೆ ಸಾಲ ಕೊಟ್ಟವನ ಮುಖ ನೋಡಲು ಕಷ್ಟ, ಗೆಲ್ಲಿಸಿ ಇನ್ನೂ ದೊಡ್ಡವನನ್ನಾಗಿ ಮಾಡುವುದು ದೂರದ ಮಾತು. 212 ವೋಟಿನ ಊರಲ್ಲಿ ಹಿಂದಿನ ಬೇಸಿಗೆಯಲ್ಲಿ ಕುಡಿಯುವ ನೀರಿನ ಬೋರಿನ ಮೋಟಾರು ಸುಟ್ಟಿತ್ತು. ರಾತ್ರಿ ಹೋಗಿ ಎತ್ತಿಸಿ, ಬದಲಿ ಮೋಟಾರು ಇಳಿಸಿ, ಬೆಳಿಗ್ಗೆ ಹೊತ್ತಿಗೆ ನಲ್ಲಿಯಲ್ಲಿ ನೀರು ಬಿಟ್ಟಿದ್ದೆ. ದುಡ್ಡು ಇಸ್ಕೊಂಡೇ ಮಾಡಿದ ಕೆಲಸ ಅದು!

ಇಷ್ಟು ಗೊತ್ತಾದರೂ ಉದ್ರಿ ನಿಲ್ಲಿಸಲು ಮೂರು ವರ್ಷ ಹಿಡಿಯಿತು. 2016ರ ಯುಗಾದಿಯಿಂದ ನಗದು ಮಾತ್ರ ಅಂತ ಬೋರ್ಡ್ ಹಾಕಿದೆ. ವ್ಯಾಪಾರ ಮೂರರಲ್ಲಿ ಒಂದು ಪಾಲು ಬಿತ್ತು. ಸುಮಾರು ಆರೂವರೆ ಲಕ್ಷ ಹಾಕಿ ಮೋಟಾರು ಎತ್ತುವ ಗಾಡಿ ತಂದೆ, ಸೆಕೆಂಡ್ ಹ್ಯಾಂಡ್. ರಾತ್ರಿಯೂ ಹಗಲಿನ ರೇಟೇ, ಯಾವ ಪಕ್ಷದವರಾದರೂ ಸರಿ, ಕರೆದ ಸರದಿಯಂತೆ ಹೋಗುವುದು. ಇದರ ಜೊತೆಗೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸ್ಟಾರ್ಟರ್ ಬಾಕ್ಸಿನ ಒಳಮುಚ್ಚಳಕ್ಕೆ ಒಂದು ಸ್ಟಿಕರ್. ಎಷ್ಟು ಎಚ್‌ಪಿ, ಎಷ್ಟು ಸ್ಟೇಜು, ಎಷ್ಟು ಪೈಪು ಇಳಿಸಿದೆ, ಯಾವ ದಿನ. ರೈತರಿಗೆ ಇದು ನೆನಪಿರುವುದಿಲ್ಲ, ಮೋಟಾರು ಕೆಟ್ಟಾಗ ಬೇಕಾಗುವುದೇ ಇದು. ಕೆಳಗೆ ನನ್ನ ನಂಬರು. 250 ರೂಪಾಯಿ ಬ್ಯಾನರಿಗಿಂತ 2 ರೂಪಾಯಿ ಸ್ಟಿಕರ್ ಜಾಸ್ತಿ ದಿನ ಬಾಳಿತು. ವಾಟ್ಸಾಪ್ ಗುಂಪು, ರೆಕಾರ್ಡ್ ಮಾಡಿದ ಧ್ವನಿ ಕರೆ ಎಲ್ಲ ಮಾಡಿ ನೋಡಿದೆ, ಒಂದೂ ಕೈಹಿಡಿಯಲಿಲ್ಲ.

2018ರಲ್ಲಿ ಒಂದು ಪಕ್ಷದ ಟಿಕೆಟ್ ಸಿಕ್ಕಿತು. 31 ಸಾವಿರದ ಆಸುಪಾಸು ಬಂತು, ಠೇವಣಿ ಉಳಿಯಿತು, ಸೋತೆ. ಸರ್ವೆ ಮಾಡಿಕೊಡುತ್ತೇನೆ ಅಂದ ಒಬ್ಬನಿಗೆ 4 ಲಕ್ಷ ಕೊಟ್ಟಿದ್ದೆ. ಅವನು ಕೊಟ್ಟ ಪಟ್ಟಿಯಲ್ಲಿ ಸತ್ತವರ ಹೆಸರೂ ಇತ್ತು. ನೋಡು, ಉದ್ರಿ ನಿಲ್ಲಿಸಿ ಕೆಟ್ಟೆ ಅಂದರು ಎಲ್ಲರೂ. ಆದರೆ ಗಾಡಿ ಯಾವ ಊರಿಗೆ ಎಷ್ಟು ಸಲ ಹೋಯಿತು ಅಂತ ಬರೆದಿಟ್ಟ ನನ್ನ ಪುಸ್ತಕ ಬೇರೆ ಹೇಳುತ್ತಿತ್ತು. ಗಾಡಿ ನಾಲ್ಕು ಸಲಕ್ಕಿಂತ ಹೆಚ್ಚು ಹೋದ ಊರುಗಳಲ್ಲಿ ಮತ ಮೂರು ಪಟ್ಟಾಗಿತ್ತು. ಗಾಡಿ ಒಂದೇ, ಬೂತು 240 ಚಿಲ್ಲರೆ. ಸೋತದ್ದು ಅಲ್ಲಿ. ಮಾರನೇ ವರ್ಷ ಎರಡನೇ ಗಾಡಿ ತಂದೆ.

ಹಳೇ ಉದ್ರಿ ಏನು ಮಾಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಮನ್ನಾ ಮಾಡಿಬಿಡಿ, ಊರೆಲ್ಲ ನಿಮ್ಮದು ಅಂತ ಸಲಹೆ ಕೊಟ್ಟವರು ಬಹಳ. ದಯವಿಟ್ಟು ಅದನ್ನು ಮಾಡಬೇಡಿ. ವೋಟಿಗಾಗಿ ಸಾಲ ಬಿಟ್ಟರೆ ಅದು ಲಂಚ. ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಗೆದ್ದರೂ ಆಯ್ಕೆ ರದ್ದಾಗಬಹುದು. ನಾನು ಬಡ್ಡಿ ಬಿಟ್ಟು ಕಂತು ಮಾಡಿಕೊಟ್ಟೆ, ಅದೂ ಚುನಾವಣೆ ಹತ್ತಿರ ಇಲ್ಲದಾಗ, ಪ್ರತಿ ಕಂತಿಗೂ ರಸೀದಿ. 2021ರ ಹೊತ್ತಿಗೆ 14 ಲಕ್ಷ ಬಂತು, ಉಳಿದದ್ದು ನಷ್ಟ. ಕೊನೇ ಕಂತು ಕಟ್ಟಿದವರ ಎದುರಿಗೇ ಅವರ ಪುಟಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕಿಸುತ್ತಿದ್ದೆ. ಆ ಗೆರೆ ನೋಡಿ ಒಬ್ಬರು ಹಿರಿಯರು ಅಲ್ಲೇ ಕೂತು ಟೀ ಕುಡಿದು ಹೋದರು, ಎಂಟು ವರ್ಷದ ಮೇಲೆ.

ಸರ್ಕಾರಕ್ಕೆ ಮಾಲು ಕೊಡುವವರು ಅದೇ ಕಾಯ್ದೆಯ 9ಎ ಸೆಕ್ಷನ್ ಮರೆಯಬೇಡಿ. ರಾಜ್ಯ ಸರ್ಕಾರದ ಜೊತೆ ನಡೆಯುತ್ತಿರುವ ಸರಬರಾಜು ಕರಾರು ಇದ್ದರೆ ಅನರ್ಹತೆ. 2023ರ ನಾಮಪತ್ರ ಹಾಕುವಾಗ ಒಂದು ಇಲಾಖೆಯಿಂದ ಪೈಪಿನ ಬಿಲ್ಲು ಬಾಕಿ ಇತ್ತು, ನಿದ್ದೆ ಬಂದಿರಲಿಲ್ಲ. ನಮ್ಮ ಕಡೆಯಿಂದ ಸರಬರಾಜು ಪೂರ್ತಿ ಮುಗಿದಿದ್ದರೆ ಬರೀ ಹಣ ಬಾಕಿ ಇದೆ ಅನ್ನುವ ಕಾರಣಕ್ಕೆ ಕರಾರು ಇದೆ ಅಂತ ಆಗುವುದಿಲ್ಲ ಎಂದು ವಕೀಲರು ತೋರಿಸಿದ ಮೇಲೆ ಸಮಾಧಾನ. ಮಾಲು ತಲುಪಿದ ದಿನದ ಸಹಿ ಇರುವ ಚೀಟಿ ಜೋಪಾನ ಮಾಡಿ. ಈಗ ಅಂಗಡಿ ತಮ್ಮ ನೋಡಿಕೊಳ್ಳುತ್ತಾನೆ, ಟೆಂಡರಿನ ಕಡೆ ತಲೆ ಹಾಕುವುದಿಲ್ಲ.

2023ರ ಮಿತಿ 40 ಲಕ್ಷ. ನನಗೆ 27ರ ಸುತ್ತಮುತ್ತ ಆಯಿತು, ದಿನದ ಲೆಕ್ಕ ದಿನವೇ ಅಂಗಡಿಯ ಗುಮಾಸ್ತರು ಬರೆದರು. ಬೂತಿಗೆ ಯಾರನ್ನು ಕೂರಿಸಿದೆ, ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲಾರೆ, ಇನ್ನೊಂದು ಚುನಾವಣೆ ಇದೆ. ಮೇ 10ರ ರಾತ್ರಿ ಎಲ್ಲ ಬೂತಿನ ಫಾರಂ 17ಸಿ, ಅಂದರೆ ಒಟ್ಟು ಎಷ್ಟು ಮತ ಬಿತ್ತು ಅನ್ನುವ ಲೆಕ್ಕದ ಪ್ರತಿ ಬಂದ ಮೇಲೆ ಪುಸ್ತಕ ನೋಡಿ 5,500 ಲೀಡು ಅಂತ ಚೀಟಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಹಾಕಿದೆ. ಬಂದದ್ದು 4 ಸಾವಿರ ಚಿಲ್ಲರೆ. ಪೇಟೆಯಲ್ಲಿ ಇಷ್ಟು ಹತ್ತಿರ ಹೇಳಿದವರು ಬೇರೆ ಯಾರೂ ಇರಲಿಲ್ಲ. ಆ 11 ವೋಟಿನ ಬೂತಿನಲ್ಲಿ 340 ಬಿದ್ದಿತ್ತು.

ಈಗ ಪುಸ್ತಕ ಬೇರೆ, ಬರೆಯುವ ರೀತಿ ಅದೇ. ಬೂತಿಗೊಂದು ಪುಟ. ಬಂದ ಅರ್ಜಿ, ತಾರೀಕು, ಯಾವ ಕಚೇರಿಯಲ್ಲಿ ನಿಂತಿದೆ. ವರ್ಷಕ್ಕೆ 2 ಕೋಟಿ ಶಾಸಕರ ನಿಧಿ ಎಲ್ಲಿ ಹೋಯಿತು ಅನ್ನುವುದೂ ಅದೇ ಪುಟದಲ್ಲಿ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ, ಅಂದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡುವುದಕ್ಕೆ, ಎಲ್ಲರೂ ಮುಗಿಬೀಳುತ್ತಾರೆ. ನನಗೆ ಚುಕ್ಕೆ ಗುರುತಿಲ್ಲದ್ದೇ ಇಷ್ಟ, ಉತ್ತರ ಬರಹದಲ್ಲಿ ಬರುತ್ತದೆ, ಕತ್ತರಿಸಿ ಪುಟಕ್ಕೆ ಅಂಟಿಸಬಹುದು. ಕಳೆದ ವಾರ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟ ಊರಿನವರು ಬಂದಾಗ ಆ ಪುಟ ಬಿಚ್ಚಿ ಅಧಿಕಾರಿಯ ಮುಂದೆ ಇಟ್ಟೆ. ಮಾರನೇ ದಿನ ಸಂಜೆಯೇ ಬೇರೆ ಟಿಸಿ ಕೂತಿತು.