ಡೆಂಗಿ ಅಭಿಯಾನ ಫಲಿಸಿತೇ? ಬೀದಿಯವರೇ ಅಳೆಯುವುದು ಹೀಗೆ

ಮಳೆಗಾಲ ಬಂದರೆ ಬೆಂಗಳೂರಿನ ಬಡಾವಣೆಗಳಿಗೆ ಡೆಂಗಿ ಜಾಗೃತಿ ಅಭಿಯಾನಗಳೂ ಬರುತ್ತವೆ. ಜಾಥಾ ಹೋಗುತ್ತದೆ, ಹೊಗೆಯಂತ್ರ ಗುಡುಗುತ್ತದೆ, ಕೊನೆಗೆ ‘ಇಷ್ಟು ಸಾವಿರ ಕರಪತ್ರ ಹಂಚಲಾಗಿದೆ’ ಎಂಬ ವರದಿ ಸಿದ್ಧವಾಗುತ್ತದೆ. ಸೊಳ್ಳೆಗೆ ಓದು ಬಾರದು. ಡ್ರಮ್ಮಿನಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ಕಡಿಮೆಯಾಯಿತೇ ಎಂದು ಯಾರೂ ಬಗ್ಗಿ ನೋಡಿರುವುದಿಲ್ಲ. ಐದಾರು ಮಂದಿ, ಒಂದೆರಡು ಟಾರ್ಚ್, ಒಂದು ನೋಟ್‌ಬುಕ್ ಇದ್ದರೆ ನೀವೇ ನೋಡಬಹುದು.

ಮೊದಲ ದಿನವೇ ಪ್ರಶ್ನಾವಳಿ ಬರೆಯಬೇಡಿ. ಮನೆಗೆ ನೀರು ಹಿಡಿಯುವವರ ಜೊತೆ ಕುಳಿತು ಮಾತನಾಡಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ‘ನೀರು ಶೇಖರಿಸಬೇಡಿ’ ಎಂಬ ಉಪದೇಶ ಎಷ್ಟು ಬಾಲಿಶವೆಂದು ಹೆಂಗಸರು ಐದು ನಿಮಿಷದಲ್ಲಿ ತಿಳಿಸುತ್ತಾರೆ. ಆಗ ನಿಮ್ಮ ಪ್ರಶ್ನೆಯೂ ಬದಲಾಗುತ್ತದೆ: ಮುಚ್ಚಳ ಬಿಗಿಯಾಗಿದೆಯೇ? ಡ್ರಮ್ಮನ್ನು ಕಳೆದ ಸಲ ಉಜ್ಜಿದ್ದು ಯಾವಾಗ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ತಿಕ್ಕಬೇಕು.

ಮೊದಲ ಎಣಿಕೆ ಅಭಿಯಾನಕ್ಕೆ ಮುನ್ನವೇ ಆಗಬೇಕು. ಎಲ್ಲ ಮುಗಿದ ಮೇಲೆ ಎಣಿಸಿದರೆ ಇಳಿಯಿತೋ ಏರಿತೋ ಹೇಳಲು ಆಧಾರವೇ ಇರುವುದಿಲ್ಲ.

ಯಾವ ಮನೆಗಳನ್ನು ನೋಡುವುದು? ಪರಿಚಯದವರ ಮನೆಗಳನ್ನಲ್ಲ. ಬೀದಿಯ ಒಂದು ತುದಿಯಿಂದ ಪ್ರತಿ ಐದನೆಯ ಮನೆ ಎಂದು ನಿಯಮ ಮಾಡಿಕೊಳ್ಳಿ. ವಠಾರ ಸಿಕ್ಕರೆ ಗೇಟು ಎಣಿಸಬೇಡಿ, ಒಲೆ ಎಣಿಸಿ. ಒಂದೇ ಗೇಟಿನ ಹಿಂದೆ ಆರು ಸಂಸಾರ, ಆರು ಡ್ರಮ್ ಇರಬಹುದು. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗುವುದು ದೊಡ್ಡ ತಪ್ಪು. ನಾನೂ ಮೊದಲ ಸಲ ಅದನ್ನೇ ಮಾಡಿದೆ. ಪೀಣ್ಯದ ಆಸುಪಾಸಿನ ಬೀದಿಗಳಲ್ಲಿ ಹಗಲು ಬೀಗ ಬೀಳುವುದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಮನೆಗೆ. ವಾರದ ಮಧ್ಯೆ ಡ್ರಮ್ ಉಜ್ಜಲು ಅವರಿಗೆಲ್ಲಿ ಬಿಡುವು? ಅವರನ್ನು ಬಿಟ್ಟರೆ ಲೆಕ್ಕ ಚೆಂದವಾಗಿ ಕಾಣುತ್ತದೆ, ಅಷ್ಟೇ. ಭಾನುವಾರ ಮತ್ತೆ ಹೋಗಿ.

ಬಾಗಿಲು ತಟ್ಟಿದಾಗ ನೀವು ದಂಡ ಹಾಕಲು ಬಂದವರಲ್ಲ ಎಂಬುದು ಮೊದಲು ತಿಳಿಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಪಡಿಸಿತು. ನೋಟ್‌ಬುಕ್ ಹಿಡಿದ ಅಪರಿಚಿತರನ್ನು ಕಂಡು ಜನ ಹಿಂಜರಿದರೆ ತಪ್ಪಿಲ್ಲ. ಏಕೆ ಬಂದಿರಿ, ಮಾಹಿತಿ ಎಲ್ಲಿಗೆ ಹೋಗುತ್ತದೆ, ‘ಬೇಡ’ ಎನ್ನುವ ಹಕ್ಕು ಅವರಿಗಿದೆ ಎಂಬುದನ್ನು ಅವರ ಮನೆಮಾತಿನಲ್ಲಿಯೇ ಹೇಳಿ. ತಂಡದಲ್ಲಿ ಉರ್ದು, ತಮಿಳು, ತೆಲುಗು ಬಲ್ಲವರಿರಲಿ. ಹೆಸರು ಬರೆಯದೆ ಸಂಕೇತ ಸಂಖ್ಯೆ ಕೊಡಿ. ಡ್ರಮ್ಮಿನ ಫೋಟೊ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲೇಕೂಡದು. ಮನೆಯಲ್ಲಿ ಜ್ವರದವರಿದ್ದರೆ ಎಣಿಕೆ ಆಮೇಲೆ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋಗಲು, ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗದಿರಲು ತಿಳಿಸಿ.

ಡ್ರಮ್, ಸಂಪು ಎಲ್ಲರಿಗೂ ಹೊಳೆಯುತ್ತವೆ. ಫ್ರಿಜ್ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹಿತ್ತಿಲಿಗೆ ತಳ್ಳಿದ ಒರಳುಕಲ್ಲು, ತಾರಸಿಯ ಹಳೆಯ ಟೈರುಗಳಲ್ಲೂ ಟಾರ್ಚ್ ಹಾಯಿಸಿ. 60 ಮನೆ ನೋಡಿ 9ರಲ್ಲಿ ಲಾರ್ವಾ ಸಿಕ್ಕಿತೆನ್ನಿ: 9ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ 15. ಇದು ಮನೆ ಸೂಚ್ಯಂಕ. ನೂರು ಮನೆಗೆ ಲಾರ್ವಾ ಇರುವ ಪಾತ್ರೆಗಳೆಷ್ಟು ಎಂದು ಲೆಕ್ಕ ಹಾಕಿದರೆ ಬ್ರೆಟೊ ಸೂಚ್ಯಂಕ.

ಇನ್ನು ಎಲ್ಲರೂ ಮರೆಯುವ ಕೆಲಸ: ಅಭಿಯಾನ ಇನ್ನೂ ತಲುಪದ, ನಿಮ್ಮಂತೆಯೇ ನೀರು ಬರುವ ಪಕ್ಕದ ಬೀದಿಯಲ್ಲೂ ಅಭಿಯಾನದ ಮುನ್ನ, ಆಮೇಲೆ ಎರಡೂ ಸಲ ಅದೇ ವಾರ ಎಣಿಸಿ. ನಿಮ್ಮಲ್ಲಿ ಸೂಚ್ಯಂಕ 15ರಿಂದ 5ಕ್ಕೆ ಇಳಿದು, ಅಲ್ಲಿಯೂ 15ರಿಂದ 10ಕ್ಕೆ ಇಳಿದಿದ್ದರೆ, ಐದರಷ್ಟು ಇಳಿಕೆ ಬಹುಶಃ ಮಳೆಯ ಕೃಪೆ. ಉಳಿದ ಐದನ್ನಷ್ಟೇ ಅಭಿಯಾನದ ಖಾತೆಗೆ ಹಾಕಬಹುದು, ಅದನ್ನೂ ಅಳುಕುತ್ತಲೇ. 60 ಮನೆಗಳ ಲೆಕ್ಕದಲ್ಲಿ ಅದು ಮೂರೇ ಮನೆಗಳ ಮಾತು. ಎಣಿಕೆ ಮುಗಿದ ಮೇಲೆ ಆ ಬೀದಿಗೂ ಅಭಿಯಾನ ಒಯ್ಯಿರಿ. ಬರೀ ಎಣಿಸಿ ಮರಳುವುದು ನ್ಯಾಯವಲ್ಲ.

ಅಂಕಿಗಳನ್ನು ಮೊದಲು ಕೇಳಬೇಕಾದವರು ಬಾಗಿಲು ತೆರೆದವರು. ಅಂಗನವಾಡಿಯಲ್ಲೋ ಅರಳಿಕಟ್ಟೆಯಲ್ಲೋ ಸೇರಿಸಿ ಓದಿ ಹೇಳಿ. ‘ನಿಮ್ಮ ಲೆಕ್ಕ ಸರಿಯಿಲ್ಲ, ಆ ವಾರ ಟ್ಯಾಂಕರೇ ಬಂದಿರಲಿಲ್ಲ’ ಎಂದು ಯಾರಾದರೂ ತಕರಾರು ತೆಗೆದರೆ ಅದನ್ನೂ ವರದಿಯಲ್ಲಿ ಸೇರಿಸಿ. ಆಶಾ ಕಾರ್ಯಕರ್ತೆಗೂ ಆರೋಗ್ಯ ನಿರೀಕ್ಷಕರಿಗೂ ಪ್ರತಿ ಕೊಡುವುದು ಅದಾದ ಬಳಿಕ, ಮನೆ ಸಂಖ್ಯೆಗಳನ್ನು ಅಳಿಸಿ.