ಟೆಡ್ಡಿ ಕರಡಿಗಳನ್ನು ಕರೆದುಕೊಂಡು ಸ್ಪೇನ್ ಮತ್ತು ಫ್ರಾನ್ಸ್‌ನಲ್ಲಿ ಬೇಸಿಗೆಯ ಕಾರು ಪ್ರವಾಸ ಮಾಡುವ ಬಗೆ

ಐದಾರು ವರ್ಷದ ಮಕ್ಕಳಿರುವ ಕುಟುಂಬವು ಕಾರಿನಲ್ಲಿ ದೇಶ ಸುತ್ತಲು ಹೊರಟರೆ ಅವರ ಟೆಡ್ಡಿ ಕರಡಿಯೂ ಹೊರಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಮ್ಮ ಮನೆಯಿಂದ ಇಬ್ಬರು ಹೊರಟಿದ್ದರು: ಮಗನ ಗುಂಡಣ್ಣ, ಮಗಳ ಚಿನ್ನಮ್ಮ. ಇವರನ್ನು ಸಾಮಾನಿನ ಪಟ್ಟಿಯಲ್ಲಿ ಬರೆಯಬೇಡಿ, ಪ್ರಯಾಣಿಕರ ಪಟ್ಟಿಯಲ್ಲಿ ಬರೆಯಿರಿ ಎಂಬುದೇ ನಾನು ಕೊಡುವ ಮುಖ್ಯ ಸಲಹೆ. ಎಲ್ಲಿ ಕೂರಿಸಬೇಕು, ಎಲ್ಲಿ ಇಳಿಸಬೇಕು, ಯಾವ ಊರಿನಲ್ಲಿ ಏನು ತೋರಿಸಬೇಕು ಎಂಬುದೆಲ್ಲ ಆ ಒಂದು ಬದಲಾವಣೆಯಿಂದ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ಮ್ಯಾಡ್ರಿಡ್‌ನಲ್ಲಿ ಕಾರು ಪಡೆದು ಪ್ಯಾರಿಸ್‌ನಲ್ಲಿ ಬಿಡುವ ಯೋಚನೆ ಆಕರ್ಷಕವಾಗಿ ಕಂಡರೂ, ಒಂದು ದೇಶದಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ತೆರಬೇಕಾಗುವ ಹೆಚ್ಚುವರಿ ಶುಲ್ಕ ಕೆಲವೊಮ್ಮೆ ಬಾಡಿಗೆಯನ್ನೇ ಮೀರುತ್ತದೆ. ಆದ್ದರಿಂದ ಹೊರಟಲ್ಲಿಗೇ ಮರಳುವ ಸುತ್ತು ದಾರಿ ಲೇಸು. ಬಾರ್ಸಿಲೋನಾದಿಂದ ಫಿಗೇರಸ್, ಅಲ್ಲಿಂದ ಗಡಿ ದಾಟಿ ಪರ್ಪಿನ್ಯಾನ್, ಕಾರ್ಕಾಸೋನ್, ತುಲೂಸ್. ಬಳಿಕ ದಕ್ಷಿಣಕ್ಕೆ ತಿರುಗಿ ಫ್ವಾ, ಪಿರನೀಸ್ ಪರ್ವತದ ಸುರಂಗಗಳು, ಪುಚ್‌ಸೆರ್ದಾ, ಮತ್ತೆ ಬಾರ್ಸಿಲೋನಾ. ಒಟ್ಟು ಎಂಟುನೂರು ಕಿಲೋಮೀಟರಿನ ಆಸುಪಾಸಿನ ಈ ಸುತ್ತನ್ನು ಹತ್ತು ದಿನಗಳಿಗೆ ಹಂಚಿದರೆ ಯಾವ ದಿನವೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಸ್ಟೀರಿಂಗ್ ಹಿಡಿಯಬೇಕಾಗುವುದಿಲ್ಲ. ಇನ್ನೂ ಒಂದು ಕಾರಣವಿದೆ: ಕರಡಿಗಳಿಗೆ ಸಂಬಂಧಪಟ್ಟ ಎರಡು ಅಪರೂಪದ ತಾಣಗಳು ಇದೇ ದಾರಿಯಲ್ಲಿವೆ.

ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ದೇಶಗಳು ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮೇಲಿನ ಸುತ್ತಿನಲ್ಲಿ ಅದು ಸ್ಪೇನ್. ಪ್ರಯಾಣಕ್ಕೆ 6 ತಿಂಗಳು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದಾದ್ದರಿಂದ ತಡಮಾಡಬೇಡಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಚಾಲನಾ ಪರವಾನಗಿಯ ಜೊತೆಗೆ ನಿಮ್ಮ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ; ಅದರ ಅವಧಿ ಒಂದು ವರ್ಷ. ಭೂಪಟದಲ್ಲಿ ಆಂಡೊರಾ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ, ಆದರೆ ಅದು ಷೆಂಗೆನ್‌ಗೆ ಸೇರಿಲ್ಲ. ಒಂದೇ ಪ್ರವೇಶದ ವೀಸಾ ಹೊಂದಿರುವವರು ಅಲ್ಲಿಗೆ ಹೋದರೆ ಮರಳಿ ಸ್ಪೇನಿಗೆ ಬರುವಾಗ ತೊಂದರೆಗೆ ಸಿಕ್ಕಬಹುದು. ಕಾರು ಕಾಯ್ದಿರಿಸುವಾಗಲೇ ಗಡಿ ದಾಟುವ ವಿಷಯ ತಿಳಿಸಿ, ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್–ಮೇಯಲ್ಲಿ ಮುಗಿಯುತ್ತದೆ, ಅಲ್ಲಿಯ ಬೇಸಿಗೆ ಜೂನ್‌ನಲ್ಲಿ ತೊಡಗುತ್ತದೆ. ಕರ್ನಾಟಕದಿಂದ ಹೋಗುವವರಿಗೆ ಮೇ ಕೊನೆಯ ವಾರ ಹೇಳಿ ಮಾಡಿಸಿದಂತಹ ಕಾಲ: ಬಿಸಿಲಿದೆ, ಜನಜಂಗುಳಿ ಇಲ್ಲ. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ನೆಲೆಸಿರುವ ಕನ್ನಡಿಗರು ಮಕ್ಕಳ ಶಾಲೆಯ ಕಾರಣ ಜುಲೈ–ಆಗಸ್ಟ್‌ನಲ್ಲೇ ಹೊರಡಬೇಕಾಗುತ್ತದೆ. ಅಂಥವರು ಫ್ರಾನ್ಸಿನ ಸರ್ಕಾರಿ ಸಂಚಾರ ಮಾಹಿತಿ ಸೇವೆಯಾದ ‘ಬಿಝೋ ಫ್ಯೂತೆ’ಯ ಕ್ಯಾಲೆಂಡರನ್ನು ನೋಡಿಕೊಂಡೇ ದಿನ ಗೊತ್ತುಮಾಡಬೇಕು. ಅದು ಪ್ರತಿ ದಿನವನ್ನೂ ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ಗುರುತಿಸುತ್ತದೆ. ಜುಲೈ ಕೊನೆಯ ಮತ್ತು ಆಗಸ್ಟ್ ಮೊದಲಿನ ಶನಿವಾರಗಳು ಸಾಮಾನ್ಯವಾಗಿ ಕೆಂಪು ಇಲ್ಲವೆ ಕಪ್ಪು. ಅಂದು ರಸ್ತೆಗಿಳಿಯುವುದಕ್ಕಿಂತ ಇದ್ದ ಊರಿನಲ್ಲೇ ಇನ್ನೊಂದು ರಾತ್ರಿ ಉಳಿಯುವುದು ಜಾಣತನ.

ಈಗ ಕರಡಿಗಳ ಆಯ್ಕೆ. ಮಗುವಿಗೆ ಒಂದೇ ಕರಡಿ, ಅದೂ ಮಗು ತಾನೇ ಹೊರಬಲ್ಲ ಗಾತ್ರದ್ದು ಎಂಬ ನಿಯಮವನ್ನು ಮನೆಯಲ್ಲೇ ಹಾಕಿ, ಬಾಗಿಲು ದಾಟಿದ ಮೇಲೆ ಚೌಕಾಶಿಗೆ ಅವಕಾಶ ಕೊಡಬೇಡಿ. ಕರಡಿ ವಿಮಾನದಲ್ಲಿ ಕೈಚೀಲದ ಜೊತೆಗೇ ಬರಬೇಕು, ಏಕೆಂದರೆ ಚೆಕ್-ಇನ್ ಮಾಡಿದ ಪೆಟ್ಟಿಗೆ ತಪ್ಪಿಹೋದರೆ ಬಟ್ಟೆಯನ್ನು ಮರುದಿನ ಕೊಳ್ಳಬಹುದು, ಗುಂಡಣ್ಣನನ್ನು ಕೊಳ್ಳಲಾಗುವುದಿಲ್ಲ. ಹೊರಡುವ ಮುನ್ನ ಎದುರಿನಿಂದಲೂ ಬೆನ್ನಿನ ಕಡೆಯಿಂದಲೂ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ, ಕಾಲಿಗೆ ಒಂದು ಬಟ್ಟೆಯ ಪಟ್ಟಿ ಹೊಲಿದು ಅದರ ಮೇಲೆ ಇಮೇಲ್ ವಿಳಾಸ ಬರೆಯಿರಿ. ಮಗುವಿನ ಹೆಸರು ಬೇಡ. ಕರಡಿಯ ಹೊಟ್ಟೆಯೊಳಗೆ ಹಣವನ್ನೋ ಪಾಸ್‌ಪೋರ್ಟನ್ನೋ ಬಚ್ಚಿಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಕೇಳಬೇಡಿ, ಎಲ್ಲಕ್ಕಿಂತ ಹೆಚ್ಚು ಸಲ ಮರೆತುಬಿಡುವ ವಸ್ತುವೇ ಅದು.

ಕಾರಿನೊಳಗೆ ಕರಡಿ ಎಲ್ಲಿ ಕೂರಬೇಕು ಎಂಬುದು ತಮಾಷೆಯ ಪ್ರಶ್ನೆಯಲ್ಲ. ಹಿಂಬದಿ ಗಾಜಿನ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಕೂರಿಸಿದರೆ ನೋಡಲು ಚೆಂದ, ಆದರೆ ಚಾಲಕನ ಹಿನ್ನೋಟಕ್ಕೆ ಅಡ್ಡಿಯಾಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರಿ ಬರುತ್ತದೆ. ಅಲ್ಲದೆ ನಿಲ್ಲಿಸಿದ ಕಾರಿನಲ್ಲಿ ಪ್ರವಾಸಿಗರ ಸಾಮಾನಿದೆ ಎಂದು ಕಳ್ಳರಿಗೆ ಡಂಗುರ ಸಾರಿದಂತಾಗುತ್ತದೆ. ಡ್ಯಾಶ್‌ಬೋರ್ಡ್ ಏರ್‌ಬ್ಯಾಗಿನ ಜಾಗ, ಅಲ್ಲಿ ಏನನ್ನೂ ಇಡಬಾರದು. ಅತ್ಯಂತ ಮುಖ್ಯವಾದ ಎಚ್ಚರಿಕೆ ಮಕ್ಕಳ ಸೀಟಿನದು. ಮಗುವಿನ ಎದೆಗೂ ಬೆಲ್ಟಿಗೂ ನಡುವೆ ಕರಡಿ ಸಿಕ್ಕಿಕೊಂಡರೆ ಬೆಲ್ಟು ಬಿಗಿಯಾದಂತೆ ಕಂಡರೂ ನಿಜದಲ್ಲಿ ಸಡಿಲವಾಗಿರುತ್ತದೆ. ಮೊದಲು ಮಗುವಿಗೆ ಬೆಲ್ಟ್ ಹಾಕಿ ಬಿಗಿಮಾಡಿ, ಆಮೇಲೆ ಬೆಲ್ಟಿನ ಹೊರಗಡೆಯಿಂದ ಕರಡಿಯನ್ನು ತೋಳಿಗೆ ಕೊಡಿ. ಸ್ಪೇನಿನಲ್ಲಿ 135 ಸೆಂಟಿಮೀಟರ್ ಎತ್ತರದವರೆಗಿನ ಮಕ್ಕಳು, ಫ್ರಾನ್ಸಿನಲ್ಲಿ 10 ವರ್ಷದೊಳಗಿನವರು ತಕ್ಕ ಸೀಟಿನಲ್ಲಿ, ಹಿಂದಿನ ಸಾಲಿನಲ್ಲೇ ಕೂರಬೇಕೆಂಬುದು ಅಲ್ಲಿಯ ಕಾನೂನು.

ಎರಡೂ ದೇಶಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ, ಸ್ಟೀರಿಂಗ್ ಎಡಗಡೆ ಇರುತ್ತದೆ. ಹೆದ್ದಾರಿಯಲ್ಲಿ ಇದು ಅರ್ಧ ಗಂಟೆಯಲ್ಲಿ ರೂಢಿಯಾದರೂ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಮನಸ್ಸು ಹಳೆಯ ಅಭ್ಯಾಸಕ್ಕೆ ಜಾರುತ್ತದೆ. ಬಂಕಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಸ್ಪೇನಿನ ‘ಗ್ಯಾಸೊಲಿನಾ’ ಪೆಟ್ರೋಲು, ‘ಗ್ಯಾಸೊಲಿಯೊ’ ಡೀಸೆಲ್ಲು, ಫ್ರಾನ್ಸಿನ ‘ಗಝೋಲ್’ ಕೂಡ ಡೀಸೆಲ್ಲೇ. ಕಿವಿಯನ್ನು ನಂಬದೆ ಕೊಳವೆಯ ಮೇಲಿನ ಗುರುತನ್ನು ನೋಡಿ. ಪೆಟ್ರೋಲಿಗೆ ವೃತ್ತ, ಡೀಸೆಲ್‌ಗೆ ಚೌಕ. ವೇಗದ ಮಿತಿ ಸ್ಪೇನಿನ ಹೆದ್ದಾರಿಯಲ್ಲಿ ಗಂಟೆಗೆ 120 ಕಿಲೋಮೀಟರ್. ಫ್ರಾನ್ಸಿನಲ್ಲಿ 130, ಮಳೆ ಬಂದರೆ 110. ಬಾರ್ಸಿಲೋನಾದಿಂದ ಗಡಿಯವರೆಗಿನ ಎಪಿ-7 ಹೆದ್ದಾರಿಗೆ 2021ರಿಂದ ಟೋಲ್ ಇಲ್ಲ. ಗಡಿ ದಾಟಿದೊಡನೆ ಟೋಲ್ ಶುರುವಾಗುತ್ತದೆ. ಕಿತ್ತಳೆ ಬಣ್ಣದ ‘t’ ಗುರುತು ಮಾತ್ರ ಇರುವ ಲೇನು ಫಾಸ್ಟ್ಯಾಗ್‌ನಂಥ ಸಾಧನ ಉಳ್ಳವರಿಗೆ. ಅದನ್ನು ಬಿಟ್ಟು ಕಾರ್ಡ್ ಅಥವಾ ಹಸಿರು ಬಾಣದ ಲೇನಿಗೆ ಹೋಗಿ. ಕರಡಿಯ ಫೋಟೊಕ್ಕಾಗಿ ಹೆದ್ದಾರಿಯ ಅಂಚಿನಲ್ಲಿ ಎಂದೂ ನಿಲ್ಲಿಸಬೇಡಿ. ಫ್ರಾನ್ಸಿನ ಹೆದ್ದಾರಿಗಳಲ್ಲಿ ‘ಏರ್’ ಎಂಬ ತಂಗುದಾಣಗಳು ಮೇಲಿಂದ ಮೇಲೆ ಸಿಗುತ್ತವೆ. ಮರದ ನೆರಳು, ಮೇಜು, ಶೌಚಾಲಯ ಎಲ್ಲವೂ ಅಲ್ಲಿರುತ್ತವೆ.

ಫಿಗೇರಸ್‌ಗೆ ಬರುವವರೆಲ್ಲ ಚಿತ್ರಕಾರ ಸಾಲ್ವಡೋರ್ ಡಾಲಿಯ ಮ್ಯೂಸಿಯಂ ನೋಡಲು ಬರುತ್ತಾರೆ. ನೀವು ಅದಕ್ಕೂ ಮೊದಲು ಅದೇ ಊರಿನ ಆಟಿಕೆಗಳ ಮ್ಯೂಸಿಯಮ್ಮಿಗೆ ಹೋಗಿ. ಡಾಲಿ ಮತ್ತು ಅವನ ತಂಗಿ ಆನಾ ಮರಿಯಾ ಅವರ ಟೆಡ್ಡಿ ಅಲ್ಲಿದೆ, ಅದರ ಹೆಸರು ‘ದೊನ್ ಒಸೀತೊ ಮಾರ್ಕೀನಾ’. ನಮ್ಮ ಕಡೆಯ ಲೆಕ್ಕದಲ್ಲಿ ‘ಶ್ರೀಮಾನ್ ಮರಿಕರಡಿ ರಾಯರು’ ಎನ್ನಬಹುದು. 1925ರಲ್ಲೂ 1927ರಲ್ಲೂ ಹತ್ತಿರದ ಕಡಲತೀರದ ಊರಾದ ಕಡಾಕೆಸ್‌ನ ಅವರ ಮನೆಗೆ ಅತಿಥಿಯಾಗಿ ಬಂದಿದ್ದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ, ಆನಾ ಮರಿಯಾಗೆ ಬರೆದ ಪತ್ರಗಳಲ್ಲಿ ಈ ಕರಡಿಯ ಕುಶಲವನ್ನೂ ವಿಚಾರಿಸುತ್ತಿದ್ದ. ನನ್ನ ಮಗ ಗಾಜಿನ ಪೆಟ್ಟಿಗೆಯ ಮುಂದೆ ಗುಂಡಣ್ಣನನ್ನು ಎತ್ತಿ ಹಿಡಿದು ಎರಡು ನಿಮಿಷ ಸುಮ್ಮನೆ ನಿಂತಿದ್ದ. ಅವರಿಬ್ಬರಿಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಅಲ್ಲಿಂದ ಕಡಾಕೆಸ್‌ಗೆ ಹೋಗುವ ಗುಡ್ಡದ ರಸ್ತೆ ಆಗುಂಬೆ ಘಾಟಿಯ ತಿರುವುಗಳನ್ನು ನೆನಪಿಸುತ್ತದೆ. ವಾಂತಿಯ ತೊಂದರೆ ಇರುವ ಮಕ್ಕಳ ಕೈಯಿಂದ ಆ ಒಂದು ಗಂಟೆಯ ಮಟ್ಟಿಗೆ ಕರಡಿಯನ್ನು ಇಸಿದುಕೊಂಡಿರಿ. ನಾವು ಇಸಿದುಕೊಂಡಿರಲಿಲ್ಲ.

ತೊಳೆಯುವ ವಿಧಾನ ಇದೇ ಕಾರಣಕ್ಕೆ ಗೊತ್ತಿರಬೇಕು. ಸ್ಪೇನಿನಲ್ಲಿ ‘ಲಾವಂದೆರಿಯಾ’, ಫ್ರಾನ್ಸಿನಲ್ಲಿ ‘ಲಾವೆರಿ’ ಎಂಬ ಫಲಕ ಹುಡುಕಿ. ಫ್ರಾನ್ಸಿನ ಸಣ್ಣ ಊರುಗಳಲ್ಲಂತೂ ಸೂಪರ್ ಮಾರ್ಕೆಟ್ಟಿನ ಕಾರು ನಿಲ್ದಾಣದಲ್ಲೇ ಬಟ್ಟೆ ಒಗೆಯುವ ಯಂತ್ರಗಳನ್ನು ನಿಲ್ಲಿಸಿರುತ್ತಾರೆ. ಕರಡಿಯನ್ನು ಬಲೆ ಚೀಲದಲ್ಲಿ, ಅದಿಲ್ಲದಿದ್ದರೆ ದಿಂಬಿನ ಗವಸಿನಲ್ಲಿ ಹಾಕಿ ಬಾಯಿ ಕಟ್ಟಿ, 30 ಡಿಗ್ರಿ ನೀರಿನಲ್ಲಿ ಮೆಲ್ಲಗೆ ತಿರುಗುವ ಸುತ್ತಿಗೆ ಇಡಿ. ಒಳಗೆ ಬ್ಯಾಟರಿ ಇರುವ ಮಾತಾಡುವ ಕರಡಿಯಾದರೆ ಯಂತ್ರಕ್ಕೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಿಸಿ ಗಾಳಿಯ ಡ್ರೈಯರ್ ಬೇಡ, ತುಪ್ಪಳ ಗಂಟುಗಟ್ಟುತ್ತದೆ. ಕಿವಿಗೆ ಕ್ಲಿಪ್ ಹಾಕಿ ತೂಗುಬಿಟ್ಟಾಗ ಮಗಳು ಅತ್ತಳು. ಆಮೇಲೆ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿದೆವು. ಆ ಬಿಸಿಲಿಗೆ ಮರುದಿನ ಮಧ್ಯಾಹ್ನದೊಳಗೆ ಒಣಗಿತು.

ಕಾರ್ಕಾಸೋನ್‌ನ ಕೋಟೆಗೆ 52 ಬುರುಜುಗಳಿವೆ, ಎರಡು ಸುತ್ತಿನ ಗೋಡೆಯಿದೆ. ಸಂಜೆ ಐದರ ಮೇಲೆ ಹೋದರೆ ನೆರಳೂ ಸಿಗುತ್ತದೆ, ಗುಂಪೂ ಕರಗಿರುತ್ತದೆ. ಜುಲೈ 14ರಂದು ಅಲ್ಲಿ ದೊಡ್ಡ ಬಾಣಬಿರುಸಿನ ಉತ್ಸವ ನಡೆಯುವುದರಿಂದ ಆ ರಾತ್ರಿ ಕೋಣೆ ಸಿಗುವುದು ಕಷ್ಟ. ಸಸ್ಯಾಹಾರಿಗಳು ‘ಕಸುಲೆ’ ಎಂಬ ಅಲ್ಲಿಯ ಹುರುಳಿಕಾಯಿ ಬೀಜದ ಖಾದ್ಯಕ್ಕೆ ಮರುಳಾಗಬೇಡಿ, ಅದರಲ್ಲಿ ಬಾತುಕೋಳಿ ಮತ್ತು ಹಂದಿಯ ಮಾಂಸ ಇರುತ್ತದೆ.

ಅಲ್ಲಿಂದ ತುಲೂಸ್‌ಗೆ ಸುಮಾರು ಒಂದು ಗಂಟೆಯ ದಾರಿ. ಈ ಒಂದು ಗಂಟೆಯಲ್ಲಿ ಮಕ್ಕಳಿಗೆ ಟೆಡ್ಡಿ ಎಂಬ ಹೆಸರಿನ ಕಥೆ ಹೇಳಿ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆ ಹೋಗಿದ್ದಾಗ, ಜೊತೆಯವರು ಕರಡಿಯೊಂದನ್ನು ಮರಕ್ಕೆ ಕಟ್ಟಿ ತಂದುಕೊಟ್ಟರೂ ತಾನು ಗುಂಡು ಹಾರಿಸುವುದಿಲ್ಲ ಎಂದ. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು, ಅದನ್ನು ನೋಡಿ ಬ್ರೂಕ್ಲಿನ್ನಿನ ಅಂಗಡಿಯವನೊಬ್ಬ ‘ಟೆಡ್ಡಿಯ ಕರಡಿ’ ಎಂದು ಬೊಂಬೆ ಮಾರಿದ. ಈ ಕಥೆ ಕೇಳಿದ ಮಕ್ಕಳಿಗೆ ತುಲೂಸ್‌ನ ನಿಸರ್ಗ ವಿಜ್ಞಾನ ಮ್ಯೂಸಿಯಮ್ಮಿನಲ್ಲಿರುವ ಕನೆಲ್ ಬೇರೆಯೇ ಆಗಿ ಕಾಣುತ್ತದೆ. ಪಿರನೀಸ್‌ನ ಮೂಲ ತಳಿಯ ಕೊನೆಯ ಹೆಣ್ಣು ಕರಡಿಯಾಗಿದ್ದ ಅದನ್ನು 2004ರ ನವೆಂಬರ್‌ನಲ್ಲಿ ಬೇಟೆಗಾರನೊಬ್ಬ ಕೊಂದ. ಅದರ ಮರಿ ಬದುಕುಳಿಯಿತು. ಈಗ ಆ ಪರ್ವತದಲ್ಲಿರುವ ಕರಡಿಗಳು 1996ರಿಂದೀಚೆಗೆ ಸ್ಲೊವೇನಿಯಾದಿಂದ ತಂದು ಬಿಟ್ಟವುಗಳ ಸಂತತಿ. ಕುರಿಗಾಹಿಗಳ ವಿರೋಧ ಇಂದಿಗೂ ನಿಂತಿಲ್ಲ. ಚರ್ಮದೊಳಗೆ ತುಂಬಿ ನಿಲ್ಲಿಸಿದ ಕನೆಲ್‌ನ ಮುಂದೆ ನನ್ನ ಮಗಳು ಚಿನ್ನಮ್ಮನ ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಾ, “ಅಪ್ಪಾ, ಇದರ ಹೊಲಿಗೆ ಎಲ್ಲಿದೆ?” ಎಂದು ಕೇಳಿದಳು. ತೀರ ಚಿಕ್ಕ ಮಕ್ಕಳಾದರೆ ಈ ಭೇಟಿಯನ್ನು ಬಿಟ್ಟುಬಿಡಬಹುದು. ಐದು ದಾಟಿದವರಿಗೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕರಡಿ ಕಳೆದುಹೋಗುವುದು ಹೆಚ್ಚಾಗಿ ರಸ್ತೆಯಲ್ಲಲ್ಲ, ಹಾಸಿಗೆಯಲ್ಲಿ. ಒಂದು ಹೋಟೆಲಿನಲ್ಲಿ ನಾವು ಬೆಳಗಿನ ತಿಂಡಿಗೆ ಕೆಳಗಿಳಿದು ಬರುವಷ್ಟರಲ್ಲಿ ಬಿಳಿಯ ಚಾದರದ ಮಡಿಕೆಯೊಳಗಿದ್ದ ಬಿಳಿಯ ಚಿನ್ನಮ್ಮ ಚಾದರದ ಜೊತೆಗೇ ಒಗೆತದ ಮೂಟೆ ಸೇರಿದ್ದಳು. ಆಗ ಕೆಲಸಕ್ಕೆ ಬಂದದ್ದು ಎರಡು ವಸ್ತುಗಳು: ಫೋನಿನಲ್ಲಿದ್ದ ಫೋಟೊ ಮತ್ತು ‘ದುದು’ ಎಂಬ ಫ್ರೆಂಚ್ ಪದ. ಟೆಡ್ಡಿಗೆ ಅಲ್ಲಿ ‘ನುನೂರ್ಸ್’ ಎನ್ನುತ್ತಾರೆ, ಆದರೆ ಮಗು ಅಪ್ಪಿಕೊಳ್ಳದೆ ನಿದ್ದೆ ಮಾಡದಂಥ ವಸ್ತುವಿಗೆ ‘ದುದು’ ಎಂದೇ ಹೆಸರು. ನುನೂರ್ಸ್ ಎಂದಾಗ ಮುಗುಳ್ನಕ್ಕ ಸ್ವಾಗತಕಾರಿಣಿ, ದುದು ಎಂದೊಡನೆ ಎದ್ದು ನೆಲಮಾಳಿಗೆಗೆ ಓಡಿದರು. ಸ್ಪೇನಿನಲ್ಲಾದರೆ ‘ಒಸೀತೊ ದೆ ಪೆಲೂಚೆ’ ಎನ್ನಬೇಕು. ಅಂದಿನಿಂದ ನಮ್ಮ ಕ್ರಮ ಇಷ್ಟು: ಎದ್ದ ಕೂಡಲೇ ಕರಡಿ ಹಾಸಿಗೆ ಬಿಟ್ಟು ಬೀಗದಕೈ ಇರುವ ಮೇಜಿಗೆ ಹೋಗಬೇಕು, ಕಾರಿನ ಬಾಗಿಲು ಹಾಕುವ ಮುನ್ನ ಯಾರಾದರೊಬ್ಬರು ಗಟ್ಟಿಯಾಗಿ “ಆರು” ಎಂದು ಎಣಿಸಬೇಕು, ನಾಲ್ಕು ಮನುಷ್ಯರು, ಎರಡು ಕರಡಿಗಳು.

ಮರಳುವ ದಾರಿಯಲ್ಲಿ ಫ್ವಾ ದಾಟಿ ಪ್ವಿಮೊರೆನ್ಸ್ ಸುರಂಗ, ಗಡಿಯಾಚೆ ಕಾದೀ ಸುರಂಗ ಸಿಗುತ್ತವೆ. ಎರಡೂ ಸುಮಾರು ಐದೈದು ಕಿಲೋಮೀಟರ್ ಉದ್ದದವು, ಎರಡಕ್ಕೂ ಟೋಲ್ ಇದೆ. ಇವೆರಡರ ನಡುವೆ ಲ್ಯೀವಿಯಾದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಸುತ್ತಲೂ ಫ್ರಾನ್ಸ್ ಇದ್ದರೂ ಈ ಪುಟ್ಟ ಊರು ಸ್ಪೇನಿಗೆ ಸೇರಿದ್ದು. 1659ರ ಒಪ್ಪಂದದ ನಂತರ ಸುತ್ತಲಿನ ಹಳ್ಳಿಗಳು ಫ್ರಾನ್ಸಿಗೆ ಹೋದಾಗ, ತಾನು ಹಳ್ಳಿಯಲ್ಲ, ಪಟ್ಟಣ ಎಂಬ ಕಾರಣದಿಂದ ಇದು ಉಳಿದುಕೊಂಡಿತು. ಟೊಮೆಟೊ ಉಜ್ಜಿದ ಬ್ರೆಡ್ಡಿಗೆ ಆಲಿವ್ ಎಣ್ಣೆ ಸವರಿಕೊಂಡು ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ ಜಾಗ.

ಬಾರ್ಸಿಲೋನಾದಲ್ಲಿ ಕಾರನ್ನು ಒಪ್ಪಿಸುವಾಗ ಗೀಚು ತರಚುಗಳ ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಮುಂದಿನ ಸೀಟುಗಳ ಅಡಿಯನ್ನು ನೋಡಲು ಮರೆಯಬೇಡಿ. ನಮಗೆ ಅಲ್ಲಿ ಸಿಕ್ಕಿದ್ದು ಮೂರು ಕ್ರೇಯಾನು, ಅರ್ಧ ಬಿಸ್ಕತ್ತು, ಮತ್ತು ತಲೆಕೆಳಗಾಗಿ ಬಿದ್ದಿದ್ದ ಗುಂಡಣ್ಣ.